ಟೈ ಕಟ್ಟೋದನ್ನ ಕಲಿಸಿದ್ದು ಯಾರು?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಿರೋ ವಿಷಯ. ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಂಪಸ್‌ಗೆ ಕಂಪನಿ ಬರುತ್ತೆ ಅಂದ್ರೆ, ಏಳೂವರೆಗೇ ಹಾಸ್ಟೆಲಿನ ಯಾವುದೋ ಒಂದು ರೂಮಿನ ಮುಂದೆ ಕ್ಯೂ ಶುರುವಾಗುತ್ತೆ. ಆ ರೂಮಿನ ಹುಡುಗ ಕ್ಲಾಸಿಗೆ ಟಾಪರ್ ಆಗಿರಬೇಕು ಅಂತೇನಿಲ್ಲ. ಅವನಿಗೆ ಟೈ ಕಟ್ಟೋಕೆ ಬರುತ್ತೆ, ಅಷ್ಟೇ. "ಲೇ ದೋಸ್ತಾ, ನಂದೊಂದು ಕಟ್ಟಿಕೊಡಲೇ" ಅಂತ ಒಬ್ಬೊಬ್ಬರೇ ಬರ್ತಾರೆ. ಅವನು ಅವರ ಟೈ ಇಸ್ಕೊಂಡು ತನ್ನ ಕೊರಳಿಗೇ ಹಾಕ್ಕೊಂಡು ಗಂಟು ಬಿಗಿದು, ಸಡಿಲ ಮಾಡಿ, ತಲೆ ಮೇಲಿಂದ ತೆಗೆದು ಕೊಡ್ತಾನೆ. ಎದುರಿಗೆ ನಿಂತವರ ಕೊರಳಿಗೆ ಕಟ್ಟೋಕೆ ಹೋದರೆ ಎಡ ಬಲ ಅದಲುಬದಲಾಗಿ ಅವನಿಗೂ ಗೊಂದಲ. ಹಾಗೆ ಕಟ್ಟಿಸಿಕೊಂಡ ಗಂಟನ್ನು ಕೆಲಸ ಸಿಗೋವರೆಗೂ ಯಾರೂ ಬಿಚ್ಚಲ್ಲ. ಸಡಿಲ ಮಾಡಿ ಮೊಳೆಗೆ ನೇತುಹಾಕ್ತಾರೆ.

ಇದರಲ್ಲಿ ನಗೋಕೆ ಏನೂ ಇಲ್ಲ. ಶರ್ಟಿನ ಗುಂಡಿ ಹಾಕೋದು, ಬೂಟಿನ ಲೇಸ್ ಕಟ್ಟೋದು ಮನೆಯಲ್ಲೇ ಕಲಿತುಬಿಡ್ತೀವಿ. ಟೈ ವಿಷಯದಲ್ಲಿ ಮನೆಯಲ್ಲಿ ಕಲಿಸುವವರು ಯಾರು? ಅಪ್ಪ ಕಟ್ಟಿದ್ದರೆ ತಾನೇ ಮಗನಿಗೆ ಹೇಳಿಕೊಡೋದು? ಒಂದು ಊರಿನಲ್ಲಿ ಟೈ ಯಾರ ಕೊರಳಿಗೆ ಬಂತು, ಯಾರ ಕೊರಳಿಗೆ ಬರಲಿಲ್ಲ ಅಂತ ಹುಡುಕ್ತಾ ಹೋದರೆ ಆ ಊರಿನ ಚರಿತ್ರೆಯ ಒಂದು ಎಳೆ ಕೈಗೆ ಸಿಗುತ್ತೆ. ದಾವಣಗೆರೆ ಮತ್ತು ಹರಿಹರದ ಮಟ್ಟಿಗೆ ಆ ಎಳೆ ಹಿಡಿದು ನೋಡೋಣ.

ಮೊದಲು ಟೈ ಎಲ್ಲಿಂದ ಬಂತು ಅನ್ನೋದು. ಅದು ಹುಟ್ಟಿದ್ದು ಆಫೀಸಿನಲ್ಲಲ್ಲ, ಯುದ್ಧಭೂಮಿಯಲ್ಲಿ. 1618ರಿಂದ 1648ರವರೆಗೆ ಯೂರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಬಟ್ಟೆ ಸುತ್ತಿ ಗಂಟು ಹಾಕ್ತಿದ್ದರು. ಫ್ರೆಂಚರಿಗೆ ಅದು ಚೆಂದ ಕಾಣಿಸಿತು. ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ ಅದೇ ಫ್ಯಾಷನ್ ಆಯ್ತು. ಕ್ರೊಯೇಷಿಯಾದವರ ಹೆಸರಿನಿಂದಲೇ ಆ ಬಟ್ಟೆಗೆ 'ಕ್ರವಾಟ್' ಅಂತ ಹೆಸರು ಬಂತು. ಈಗ ನಾವು ಕಟ್ಟುವ ಉದ್ದನೆಯ ಟೈ 19ನೇ ಶತಮಾನದ್ದು. ಅದರ ಅತಿ ಸರಳ ಗಂಟಿಗೆ 'ಫೋರ್-ಇನ್-ಹ್ಯಾಂಡ್' ಅಂತಾರೆ. ನಾಲ್ಕು ಕುದುರೆಗಳ ಗಾಡಿಯ ಲಗಾಮನ್ನು ಒಬ್ಬನೇ ಹಿಡಿಯೋದಕ್ಕೆ ಇದ್ದ ಹೆಸರು ಅದು.

ಇವತ್ತಿನ ಟೈಗೆ ಕೊನೆಯ ರೂಪ ಕೊಟ್ಟವನು ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಅನ್ನುವ ನ್ಯೂಯಾರ್ಕಿನ ದರ್ಜಿ. 1920ರ ದಶಕದಲ್ಲಿ ಅವನು ಬಟ್ಟೆಯನ್ನು ಹಾಸಿನ ನೇರಕ್ಕೂ ಕತ್ತರಿಸದೆ, ಹೊಕ್ಕಿನ ನೇರಕ್ಕೂ ಕತ್ತರಿಸದೆ, 45 ಡಿಗ್ರಿ ಓರೆಯಾಗಿ ಕತ್ತರಿಸಿ ಮೂರು ತುಂಡು ಸೇರಿಸಿ ಹೊಲಿದ. ಮಗ್ಗ ನೋಡಿದವರಿಗೆ ಇದರ ಮಹತ್ವ ತಕ್ಷಣ ಗೊತ್ತಾಗುತ್ತೆ. ನೇರಕ್ಕೆ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗಲ್ಲ, ಮಡಿಚಿದರೆ ಸುಕ್ಕು ಹೋಗಲ್ಲ. ಓರೆಯಾಗಿ ಕತ್ತರಿಸಿದ್ದು ಎಳೆದಾಗ ಸ್ವಲ್ಪ ಹಿಗ್ಗಿ, ಬಿಟ್ಟಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೆ. ಗಂಟು ಬಿಚ್ಚಿದ ಮೇಲೆ ಟೈ ನೇರವಾಗಿ ಇಳಿಬೀಳೋದು ಇದೇ ಕಾರಣಕ್ಕೆ.

ಬಟ್ಟೆಯ ಈ ಸೂಕ್ಷ್ಮ ದಾವಣಗೆರೆಗೆ ಹೇಳಿಕೊಡಬೇಕಾಗಿಲ್ಲ. 1930ರ ದಶಕದಲ್ಲಿ ಇಲ್ಲಿ ದೊಡ್ಡ ಹತ್ತಿ ಗಿರಣಿ ಬಂತು, ಆಮೇಲೆ ಒಂದರ ಹಿಂದೆ ಒಂದು. ದಾವಣಗೆರೆ ಕಾಟನ್ ಮಿಲ್, ಚಂದ್ರೋದಯ, ಶಂಕರ, ಗಣೇಶ, ಆಂಜನೇಯ, ಯಲ್ಲಮ್ಮ ಅಂತ ಮಿಲ್ಲುಗಳ ಹೆಸರು ಹೇಳಿಯೇ ಹಳಬರು ಊರಿನ ದಿಕ್ಕು ತೋರಿಸ್ತಿದ್ದರು. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಬಿರುದು ಸಿಕ್ಕಿದ್ದು ಇದರಿಂದಲೇ. ಊರಿಗೆ ಊರೇ ನೂಲು, ಅರಳೆ, ಅಂಡಿಗೆ ಅಂತ ಬದುಕಿತು. ಅಷ್ಟು ಬಟ್ಟೆ ನೇಯ್ದ ಊರು ಟೈ ಕಟ್ಟಲಿಲ್ಲ. ಕಟ್ಟುವ ಅಗತ್ಯವೂ ಇರಲಿಲ್ಲ.

ಹಾಗಂತ ಇಲ್ಲಿಯವರಿಗೆ ಗಂಟು ಹಾಕೋಕೆ ಬರ್ತಿರಲಿಲ್ಲ ಅಂತಲ್ಲ. ಸಂತೆಗೆ ಬರುತ್ತಿದ್ದ ರೈತ ಹಲವು ಮೊಳದ ರುಮಾಲನ್ನು ಕನ್ನಡಿಯ ಹಂಗಿಲ್ಲದೆ ತಲೆಗೆ ಸುತ್ತುತ್ತಿದ್ದ. ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿ ಸುತ್ತಿ ಸುತ್ತಿ ಸಿಕ್ಕಿಸಿದರೆ ಸಂಜೆವರೆಗೂ ಅದು ಅಲುಗಾಡ್ತಿರಲಿಲ್ಲ. ಕಚ್ಚೆಪಂಚೆ ಉಡೋದು, ಇಳಕಲ್ ಸೀರೆ ಉಡೋದು, ಹಮಾಲರು ಅಂಡಿಗೆ ಕಟ್ಟೋದು, ಇವೆಲ್ಲ ಟೈ ಕಟ್ಟೋದಕ್ಕಿಂತ ಕಷ್ಟದ ವಿದ್ಯೆಗಳೇ. ಹೊಲಿಯದ ಬಟ್ಟೆಯನ್ನು ಮೈ ಮೇಲೆ ನಿಲ್ಲಿಸೋದನ್ನು ಅಜ್ಜನಿಂದ ಮೊಮ್ಮಗ, ಅವ್ವನಿಂದ ಮಗಳು ನೋಡಿ ನೋಡಿ ಕಲಿತರು. ಟೈ ಆ ದಾರಿಯಲ್ಲಿ ಬರಲಿಲ್ಲ. ಕೆಲಸದ ಜೊತೆಗೆ ಹೊರಗಿನಿಂದ ಬಂತು.

ಈ ಎರಡು ಲೋಕವನ್ನು ಒಂದೇ ಮೈ ಮೇಲೆ ತೋರಿಸುವ ಫೋಟೋ ನಮ್ಮ ಹೆಚ್ಚುಕಡಿಮೆ ಎಲ್ಲಾ ಇಂಜಿನಿಯರಿಂಗ್ ಕಾಲೇಜಿನಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರದ್ದು. ತಲೆಗೆ ಮೈಸೂರು ಪೇಟ, ಮೈಗೆ ಕೋಟು, ಕೊರಳಿಗೆ ಟೈ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಪೇಟ ಇಟ್ಟುಕೊಂಡು ಟೈ ಕಟ್ಟಿದರು. ದಾವಣಗೆರೆಯ ಯುಬಿಡಿಟಿ ಕಾಲೇಜು ಶುರುವಾಗಿದ್ದು 1951ರಲ್ಲಿ, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿ. ಈಗ ಇಲ್ಲಿನ ಇಂಜಿನಿಯರ್‌ಗಳಿಗೆ ಡಿಗ್ರಿ ಕೊಡೋದು ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯವೇ. ಸೆಪ್ಟೆಂಬರ್ 15ಕ್ಕೆ ಆ ಫೋಟೋಗೆ ಹಾರ ಹಾಕ್ತೀವಿ. ಆದರೆ ಆ ಕೊರಳಿನಿಂದ ನಮ್ಮ ಕೊರಳಿಗೆ ಗಂಟು ತಾನಾಗಿ ಇಳಿದು ಬರಲ್ಲ.

ಯಾಕೆ ಬರಲಿಲ್ಲ ಅಂತ ತಿಳಿಯೋಕೆ ಹರಿಹರಕ್ಕೆ ಹೋಗಬೇಕು. ದಾವಣಗೆರೆಯಿಂದ ಸುಮಾರು 14 ಕಿ.ಮೀ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಲೇತ್, ಅಂದ್ರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ಹರಿಹರದಲ್ಲಿ ತಯಾರಾಗಿ ದೇಶದ ವರ್ಕ್‌ಶಾಪುಗಳಿಗೆ ಹೋಯ್ತು. 1970ರ ದಶಕದಲ್ಲಿ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ ಬಿರ್ಲಾದವರ ಪಾಲಿಫೈಬರ್ಸ್ ಬಂತು. ಮರದ ತಿರುಳಿನಿಂದ ವಿಸ್ಕೋಸ್ ನೂಲಿಗೆ ಬೇಕಾದ ಪಲ್ಪ್, ಆಮೇಲೆ ಎಳೆ. ಒಂದು ಕಾಲಕ್ಕೆ ಇಂಥ ನೂಲಿಗೆ 'ಕೃತಕ ರೇಷ್ಮೆ' ಅಂತಿದ್ದರು. ಶಿಫ್ಟಿನ ಸೈರನ್ ಕೇಳಿ ಹರಿಹರದವರು ಗಡಿಯಾರ ನೋಡುವ ಕಾಲ ಅದು.

ಲೇತ್ ಮುಂದೆ ನಿಲ್ಲುವವನು ಟೈ ಕಟ್ಟುವ ಹಾಗಿಲ್ಲ. ಇದು ಅಂತಸ್ತಿನ ಮಾತಲ್ಲ, ಜೀವದ ಮಾತು. ತಿರುಗುತ್ತಿರುವ ಚಕ್ಕಿಗೆ ಇಳಿಬಿದ್ದ ಬಟ್ಟೆಯ ತುದಿ ಸಿಕ್ಕಿತು ಅಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮನುಷ್ಯನನ್ನೇ ಎಳೆದುಕೊಳ್ಳುತ್ತೆ. ಟೈ, ಮಫ್ಲರ್, ಅಂಗಿಯ ಸಡಿಲ ತೋಳು, ಯಾವುದೂ ಕೂಡದು. ಐಟಿಐನಲ್ಲಿ ಮೊದಲ ದಿನ ಕಲಿಸುವ ಪಾಠವೇ ಇದು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 22ನೇ ಕಲಂ ಕೂಡ ಇದನ್ನೇ ಹೇಳ್ತಿತ್ತು: ಓಡುತ್ತಿರುವ ಯಂತ್ರವನ್ನು ಪರೀಕ್ಷೆ ಮಾಡೋದು, ಅದಕ್ಕೆ ಎಣ್ಣೆ ಬಿಡೋದು ಇಂಥ ಕೆಲಸ ಮಾಡುವವನು ಮೈಗಂಟುವ ಬಟ್ಟೆ ಹಾಕಿರಬೇಕು. ಆ ಬಟ್ಟೆ ಕೊಡಬೇಕಾಗಿದ್ದವರು ಕಾರ್ಖಾನೆ ನಡೆಸುವವರು.

ಈ ಕೊನೆಯ ಮಾತು ಸ್ವಲ್ಪ ಗಮನಿಸಿ. ಕಾರ್ಮಿಕನ ಆ ಬಟ್ಟೆ ಮಾಲೀಕರ ಖರ್ಚಾಗಿತ್ತು. ಟೈ ಕಟ್ಟಿ ಕೆಲಸ ಕೇಳೋಕೆ ಹೋಗುವವನ ಬಟ್ಟೆ ಅವನದೇ ಖರ್ಚು. ಕೋಟು, ಟೈ, ಬೂಟು ಎಲ್ಲಾ ಸಂಬಳ ಶುರುವಾಗೋ ಮುಂಚೆಯೇ ಮಂಡಿಪೇಟೆ, ಚೌಕಿಪೇಟೆಯಲ್ಲಿ ಅಪ್ಪನ ದುಡ್ಡಲ್ಲಿ ಕೊಂಡದ್ದು.

ಹೀಗೆ ಕಾರ್ಖಾನೆಯಲ್ಲಿ ಟೈ ಒಂದು ಗೆರೆ ಎಳೆಯಿತು. ಟೈ ಕಟ್ಟಿದವನು ಯಂತ್ರ ಮುಟ್ಟಲ್ಲ. ಯಂತ್ರ ಮುಟ್ಟುವವನು ಟೈ ಕಟ್ಟಲ್ಲ. ದೂರದಿಂದ ಬರುತ್ತಿರುವವರ ಕೊರಳು ನೋಡಿಯೇ ಬರ್ತಿರೋದು ಸಾಹೇಬರೋ ಫಿಟ್ಟರೋ ಅಂತ ಹೇಳಬಹುದಿತ್ತು. ಹರಿಹರದ ಸಾವಿರಾರು ಮನೆಗಳಲ್ಲಿ ಅಪ್ಪಂದಿರು ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯಬಲ್ಲವರಾಗಿದ್ದರು. ಮಗನಿಗೆ ಟೈ ಕಟ್ಟೋದು ಹೇಳಿಕೊಡೋಕೆ ಅವರಿಗೆ ಬರ್ತಿರಲಿಲ್ಲ. ಕೈಚಳಕ ಇಲ್ಲ ಅಂತಲ್ಲ, ಆ ಕೈಗಳ ಕೆಲಸಕ್ಕೆ ಟೈ ಅಪಾಯ ಆಗಿತ್ತು.

2000ದ ದಶಕದ ಆರಂಭದ ಹೊತ್ತಿಗೆ ಮೈಸೂರು ಕಿರ್ಲೋಸ್ಕರ್ ನಿಂತುಹೋಯ್ತು. ದಾವಣಗೆರೆಯ ಮಿಲ್ಲುಗಳು ಅದಕ್ಕೂ ಮುಂಚೆಯೇ ಒಂದೊಂದಾಗಿ ಬಾಗಿಲು ಹಾಕಿದ್ದವು. ಊರು ಅಷ್ಟರಲ್ಲಿ ಕಾಲೇಜುಗಳ ಊರಾಗಿತ್ತು. ಲೇತ್ ಬಿಟ್ಟವರ, ಮಗ್ಗ ಬಿಟ್ಟವರ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನ ಇಂಟರ್‌ಸಿಟಿ ಹತ್ತಿದರು. ಒಂದೇ ತಲೆಮಾರಿನಲ್ಲಿ ಆ ಗೆರೆ ದಾಟಬೇಕಾಯ್ತು. ಹಾಸ್ಟೆಲ್ ರೂಮಿನ ಮುಂದಿನ ಕ್ಯೂ ಅಂದ್ರೆ ಅದು.

ಕೊರಳಿನ ಲೆಕ್ಕ ಕಾರ್ಖಾನೆಗೆ ಮುಗಿಯಲ್ಲ. ಕೋರ್ಟಿಗೆ ಬನ್ನಿ. ವಕೀಲರ ಉಡುಪಿನ ಬಗ್ಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮ ಇದೆ. ಸುಪ್ರೀಂ ಕೋರ್ಟ್, ಹೈಕೋರ್ಟ್, ಜಿಲ್ಲಾ ನ್ಯಾಯಾಲಯ, ಸೆಷನ್ಸ್ ಮತ್ತು ಸಿಟಿ ಸಿವಿಲ್ ಕೋರ್ಟುಗಳಲ್ಲಿ ಕೊರಳಿಗೆ ಬಿಳಿ ಬ್ಯಾಂಡ್ ಕಡ್ಡಾಯ. ಅದಕ್ಕಿಂತ ಕೆಳಗಿನ ಕೋರ್ಟುಗಳಲ್ಲಿ ಬ್ಯಾಂಡ್ ಬದಲು ಕಪ್ಪು ಟೈ ಕಟ್ಟಬಹುದು. ಅಂದ್ರೆ ನಿಯಮದ ಪ್ರಕಾರ ಹರಿಹರದ ಸಿವಿಲ್ ಕೋರ್ಟಿನಲ್ಲಿ ಟೈ ಕಟ್ಟಿ ವಾದ ಮಾಡಿದ ವಕೀಲರು ಮಧ್ಯಾಹ್ನ ದಾವಣಗೆರೆಯ ಜಿಲ್ಲಾ ನ್ಯಾಯಾಲಯಕ್ಕೆ ಬಂದರೆ ಟೈ ಬಿಚ್ಚಿ ಬ್ಯಾಂಡ್ ಹಾಕಬೇಕು. ಆಫೀಸಿನಲ್ಲಿ ದೊಡ್ಡವರ ಗುರುತಾದ ಟೈ, ಕೋರ್ಟಿನಲ್ಲಿ ಚಿಕ್ಕ ಕೋರ್ಟಿನ ಗುರುತು. ಗಂಟು ಅದೇ. ಅದರ ಅರ್ಥ ಬಾಗಿಲಿಂದ ಬಾಗಿಲಿಗೆ ಬೇರೆ.

ಇದೇ ಮಾತು ಇನ್ನೂ ಆಳವಾಗಿ ಕಾಣೋದು ಇಬ್ಬರು ಬ್ಯಾರಿಸ್ಟರ್‌ಗಳಲ್ಲಿ. ಮೊದಲನೆಯವರು ಗಾಂಧಿ. 1888ರಲ್ಲಿ ಲಂಡನ್ನಿಗೆ ಹೋದಾಗ ಅವರಿಗೂ ಟೈ ಕಟ್ಟೋಕೆ ಬರ್ತಿರಲಿಲ್ಲ. ರೆಡಿಮೇಡ್ ಟೈ ಹಾಕೋದು ಸರಿಯಲ್ಲ ಅಂತ ಗೊತ್ತಾಗಿ ತಾವೇ ಕಟ್ಟೋದನ್ನು ಕಲಿತರು. ದೊಡ್ಡ ಕನ್ನಡಿಯ ಮುಂದೆ ನಿಂತು ಟೈ ಸರಿಮಾಡೋದರಲ್ಲಿ, ಬೈತಲೆ ತೆಗೆಯೋದರಲ್ಲಿ ದಿನಾ ಹತ್ತು ನಿಮಿಷ ಹಾಳು ಮಾಡ್ತಿದ್ದೆ ಅಂತ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಅವರು ಮೊಳಕಾಲಿನ ತುಂಡು ಪಂಚೆಗೆ ಇಳಿದರು. 1934ರಲ್ಲಿ ಹರಿಜನ ಪ್ರವಾಸದಲ್ಲಿ ದಾವಣಗೆರೆಗೆ ಬಂದಾಗ ಇಲ್ಲಿಯ ಜನ ನೋಡಿದ್ದು ಆ ಗಾಂಧಿಯನ್ನು. ಕನ್ನಡಿ ಮುಂದೆ ಟೈ ಸರಿಮಾಡ್ತಿದ್ದ ಹತ್ತೊಂಬತ್ತರ ಹುಡುಗನ ನೆನಪು ಆ ಮೈಯಲ್ಲಿ ಎಲ್ಲೂ ಉಳಿದಿರಲಿಲ್ಲ.

ಇನ್ನೊಬ್ಬರು ಅಂಬೇಡ್ಕರ್. ದಾವಣಗೆರೆಯ ಅಂಬೇಡ್ಕರ್ ವೃತ್ತ ನಿಮಗೆ ಗೊತ್ತು. ನಮ್ಮ ಊರೂರಿನ ಅಂಬೇಡ್ಕರ್ ಪ್ರತಿಮೆಗಳನ್ನು ನೆನಪಿಸಿಕೊಳ್ಳಿ: ನೀಲಿ ಕೋಟು, ಕೆಂಪು ಟೈ, ಕೈಯಲ್ಲಿ ಸಂವಿಧಾನ. ಅವರು ಟೈ ಬಿಡಲಿಲ್ಲ. ಯಾಕೆ ಅಂತ ಅರ್ಥ ಮಾಡಿಕೊಳ್ಳೋದು ಕಷ್ಟವೇನಲ್ಲ. ಯಾರು ಏನು ಉಡಬೇಕು, ಮೊಳಕಾಲಿಗಿಂತ ಕೆಳಗೆ ಉಡಬಹುದೋ ಇಲ್ಲವೋ ಅನ್ನೋದನ್ನು ಜಾತಿಯೇ ನಿರ್ಧರಿಸ್ತಿದ್ದ ದೇಶ ಇದು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅವರು ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತಾಡುವಾಗ ಸೀರೆ ಉಡುವ ರೀತಿಯ ಬಗ್ಗೆಯೇ ಹೇಳಿದರು. ಜಾತಿಯ ಗುರುತು ಹೊತ್ತ ಉಡಿಗೆಯನ್ನು ಬಿಡಿ, ಮೇಲ್ಜಾತಿಯವರು ಉಡುವ ಹಾಗೇ ಉಡಿ ಅಂದರು. ಹರಕು ಉಡುವುದೇ ನಿನ್ನ ಪಾಲು ಅಂತ ಶತಮಾನಗಳಿಂದ ಹೇಳಿಸಿಕೊಂಡವರಿಗೆ ಇಸ್ತ್ರಿ ಮಾಡಿದ ಕೋಟು, ನೇರವಾಗಿ ಕೂತ ಟೈ ಶೋಕಿ ಆಗೋಕೆ ಸಾಧ್ಯ ಇಲ್ಲ. ಅದು ಹಕ್ಕು.

ಒಬ್ಬರು ಬಿಚ್ಚಿದರು, ಇನ್ನೊಬ್ಬರು ಕಟ್ಟಿದರು. ಯಾರು ಸರಿ ಅಂತ ತೀರ್ಪು ಕೊಡೋ ಅಗತ್ಯ ನಮಗಿಲ್ಲ. ಆದರೆ ಒಂದು ವಿಷಯ ಸ್ಪಷ್ಟ. ಬಿಚ್ಚೋಕೆ ಮೊದಲು ಅದು ನಮ್ಮ ಹತ್ತಿರ ಇರಬೇಕು. ಕೊಡೋಕೆ ಇರೋದನ್ನು ಕೊಟ್ಟರೆ ತ್ಯಾಗ. ಮೊದಲಿಂದ ಸಿಗದೇ ಇದ್ದವನು ಖಾಲಿ ಕೊರಳಲ್ಲಿ ನಿಂತರೆ ಅದನ್ನು ಯಾರೂ ತ್ಯಾಗ ಅನ್ನಲ್ಲ, 'ಪಾಪ, ಹಳ್ಳಿಯವನು' ಅಂತಾರೆ.

ಇದನ್ನು ಇವತ್ತಿಗೆ ತನ್ನಿ. 2015ರ ಜೂನ್ 1ರಿಂದ ಇನ್ಫೋಸಿಸ್ ವಾರವಿಡೀ ಬಿಸಿನೆಸ್ ಕ್ಯಾಶುಯಲ್ಸ್ ಹಾಕೋಕೆ ಬಿಟ್ಟಿತು. ಅಲ್ಲಿಯವರೆಗೆ ಶುಕ್ರವಾರ ಮಾತ್ರ ಆ ಸವಲತ್ತು ಇತ್ತು. ಆಮೇಲೆ ಕೋವಿಡ್ ಬಂತು, ವರ್ಕ್ ಫ್ರಮ್ ಹೋಮ್ ಬಂತು, ಮೇಲೆ ಶರ್ಟು ಕೆಳಗೆ ಲುಂಗಿ ಕಾಲ. ಸ್ಟಾರ್ಟಪ್ ಶುರುಮಾಡಿದವರು ಹೂಡಿಕೆದಾರರ ಮುಂದೆಯೂ ಟಿ-ಶರ್ಟಿನಲ್ಲೇ ಕೂರ್ತಾರೆ. "ಈಗ ಯಾರ್ರೀ ಟೈ ಕಟ್ತಾರೆ?" ಅಂತ ಕೇಳ್ತೀವಿ. ಕೇಳುವ ನಾವು ಈಗಾಗಲೇ ಒಳಗಿದ್ದೀವಿ. ಬಾಗಿಲ ಹೊರಗೆ ನಿಂತವನಿಗೆ ಆ ಪ್ರಶ್ನೆ ಇಲ್ಲ. ಕ್ಯಾಂಪಸ್ ಇಂಟರ್ವ್ಯೂನಲ್ಲಿ, ಹೋಟೆಲ್ ಮ್ಯಾನೇಜ್‌ಮೆಂಟ್ ಟ್ರೈನಿಂಗ್‌ನಲ್ಲಿ, ಔಷಧಿ ಕಂಪನಿಯ ರೆಪ್ ಕೆಲಸದಲ್ಲಿ ಇನ್ನೂ ಟೈ ನೋಡ್ತಾರೆ. ಡಾಕ್ಟರ ಕ್ಲಿನಿಕ್ಕಿನ ಹೊರಗೆ ಏಪ್ರಿಲ್ ಬಿಸಿಲಲ್ಲಿ ಟೈ ಕಟ್ಟಿಕೊಂಡು ಬ್ಯಾಗ್ ಹಿಡಿದು ಕಾಯುವ ಹುಡುಗನನ್ನು ನೋಡಿದ್ದೀರಲ್ಲ? ಒಳಗಿರುವ ಡಾಕ್ಟರು ಹಾಫ್ ಶರ್ಟಿನಲ್ಲಿ ಆರಾಮಾಗಿರ್ತಾರೆ. ಕಾರ್ಖಾನೆಯಲ್ಲಿ ಟೈ ಮೇಲಿನವರ ಗುರುತಾಗಿತ್ತು. ಈಗ ಎಷ್ಟೋ ಕಡೆ ಅದು ಇನ್ನೂ ಒಪ್ಪಿಗೆಗಾಗಿ ಕಾಯುತ್ತಿರುವವರ ಗುರುತು.

ಆದ್ದರಿಂದ ಕಲಿಯೋದು ಒಳ್ಳೇದು. ಕಲಿಯೋಕೆ ಹದಿನೈದು ನಿಮಿಷ ಸಾಕು. ಸ್ಕೂಲಿನಲ್ಲಿ ಹತ್ತು ವರ್ಷ ಟೈ ಹಾಕಿದ್ದೀವಲ್ಲ ಅಂತೀರಾ? ಅದು ಹೆಚ್ಚಿನವರಿಗೆ ಎಲಾಸ್ಟಿಕ್ಕಿನ ಟೈ. ಗಂಟು ಕಾರ್ಖಾನೆಯಲ್ಲೇ ಹೊಲಿದು ಬಂದಿರುತ್ತೆ. ಲಂಡನ್ನಿನ ಗಾಂಧಿ ಬೇಡ ಅಂತ ಬಿಟ್ಟಿದ್ದು ಅಂಥ ರೆಡಿಮೇಡ್ ಟೈಯನ್ನೇ.

ಫೋರ್-ಇನ್-ಹ್ಯಾಂಡ್ ಹೇಗೆ ಅಂತ ಹೇಳ್ತೀನಿ. ಕಾಲರ್ ಎತ್ತಿ ಟೈ ಹಾಕಿಕೊಳ್ಳಿ. ಅಗಲ ತುದಿ ನಿಮ್ಮ ಬಲಕ್ಕೆ, ಸಣ್ಣ ತುದಿ ಎಡಕ್ಕೆ. ಅಗಲದ್ದು ಸುಮಾರು ಒಂದು ಅಡಿ ಕೆಳಗಿರಲಿ. ಅಗಲದ್ದನ್ನು ಸಣ್ಣದರ ಮೇಲಿಂದ ಎಡಕ್ಕೆ ದಾಟಿಸಿ. ಹಿಂದಿನಿಂದ ಬಲಕ್ಕೆ ತನ್ನಿ. ಮತ್ತೆ ಮುಂದಿನಿಂದ ಎಡಕ್ಕೆ. ಈಗ ಕೊರಳ ಹತ್ತಿರದ ಸಂದಿಯೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ. ಮುಂದೆ ಅಡ್ಡಕ್ಕೆ ಒಂದು ಪಟ್ಟಿ ಬಂದಿರುತ್ತಲ್ಲ, ಅದರೊಳಗೆ ಕೆಳಕ್ಕೆ ಇಳಿಸಿ. ಸಣ್ಣ ತುದಿ ಹಿಡಿದು ಗಂಟನ್ನು ಮೇಲಕ್ಕೆ ಸರಿಸಿ. ಗಂಟಿನ ಕೆಳಗೆ ಬೆರಳಿನಿಂದ ಒತ್ತಿ ಒಂದು ಸಣ್ಣ ಗುಳಿ ಮಾಡಿದರೆ ಚೆಂದ. ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಮೇಲಾದರೆ ಬಿಚ್ಚಿ ಮತ್ತೆ ಕಟ್ಟಿ. ಮೊದಲ ಸಲ ಯಾರಿಗೂ ಅಳತೆ ಸರಿಬರಲ್ಲ.

ಗಂಟು ಸ್ವಲ್ಪ ಓರೆ ಬಂದರೆ ಗಾಬರಿ ಬೇಡ, ಈ ಗಂಟೇ ಹಾಗೆ. ಸರಿಸಮ ತ್ರಿಕೋನ ಬೇಕು ಅಂದ್ರೆ ವಿಂಡ್ಸರ್ ಗಂಟು ಇದೆ. ತಮಾಷೆ ಅಂದ್ರೆ ಯಾರ ಹೆಸರು ಆ ಗಂಟಿಗೆ ಬಂತೋ ಆ ಡ್ಯೂಕ್ ಆಫ್ ವಿಂಡ್ಸರ್ ಅದನ್ನು ಕಟ್ಟುತ್ತಿರಲಿಲ್ಲ. ದಪ್ಪ ಬಟ್ಟೆಯ ಟೈಗೆ ಇದೇ ಸರಳ ಗಂಟು ಹಾಕಿ ದೊಡ್ಡದಾಗಿ ಕಾಣಿಸ್ತಿದ್ದ. 1999ರಲ್ಲಿ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ ಅನ್ನುವ ಕೇಂಬ್ರಿಡ್ಜಿನ ಇಬ್ಬರು ಭೌತವಿಜ್ಞಾನಿಗಳು ಟೈ ತುದಿಯ ಎಡ, ಬಲ, ನಡು ಚಲನೆಗಳನ್ನು ಲೆಕ್ಕ ಹಾಕಿ, ಸಾಮಾನ್ಯ ಉದ್ದದ ಟೈಗೆ 85 ಬಗೆಯ ಗಂಟು ಸಾಧ್ಯ ಅಂತ ತೋರಿಸಿದರು. ಇಂಟರ್ವ್ಯೂಗೆ ಒಂದು ಸಾಕು.

ರಾತ್ರಿ ಬಂದು ಟೈ ಬಿಚ್ಚಿ ಇಡಿ. ಗಂಟು ಹಾಗೇ ಬಿಟ್ಟರೆ ಓರೆ ಕತ್ತರಿಸಿದ ಬಟ್ಟೆಗೂ ತನ್ನ ಆಕಾರ ಮರೆತುಹೋಗುತ್ತೆ. ಮುಂದೆ ಯಾವತ್ತೋ ಟೈ ಬೇಡ ಅನ್ನಿಸಿದರೆ ಬಿಟ್ಟುಬಿಡಿ, ಯಾರೂ ಕೇಳಲ್ಲ. ಬಿಡುವ ಮುಂಚೆ ಊರಿನ ಕಡೆಯ ಇನ್ನೊಬ್ಬರಿಗೆ ಕಟ್ಟೋದನ್ನ ಹೇಳಿಕೊಡಿ. ಅವರ ಮನೆಯಲ್ಲಿ ಮೈಕ್ರೋಮೀಟರ್ ಹಿಡಿಯೋದು ಕಲಿಸುವವರು ಇರಬಹುದು, ರುಮಾಲು ಸುತ್ತೋದು ಕಲಿಸುವವರು ಇರಬಹುದು, ಇದನ್ನು ಕಲಿಸುವವರು ಇರಲಿಕ್ಕಿಲ್ಲ.